ದ್ವೀಪಪ್ರವಾಸದ ಸಲಹೆಗಳು ಮತ್ತು ಶ್ರಾವಕನ ಹೊಣೆ

ಅಹಿಂಸೆಯನ್ನು ಅಡುಗೆಮನೆಯ ಹೊಸ್ತಿಲೊಳಗೆ ಕೂಡಿಹಾಕುವ ಪ್ರವೃತ್ತಿಯೊಂದು ನಮ್ಮ ಸಮಾಜದಲ್ಲಿ ಬೇರೂರುತ್ತಿದೆ. ಇದರ ಲಕ್ಷಣವನ್ನು ಕಾಣಬೇಕಾದರೆ ಪ್ರವಾಸದಿಂದ ಮರಳಿದವರು ಮುಂದೆ ಹೋಗಲಿರುವವರಿಗೆ ಕೊಡುವ ಸಲಹೆಗಳನ್ನು ಲಕ್ಷ್ಯವಿಟ್ಟು ಕೇಳಬೇಕು. ಮಹದೇವಪುರ, ಹೂಡಿ, ವೈಟ್‌ಫೀಲ್ಡ್ ಕಡೆಗಳಲ್ಲಿ ನೆಲೆಸಿರುವ ನಮ್ಮ ಉದ್ಯೋಗಸ್ಥ ಕುಟುಂಬಗಳಿಗೆ ನಾಲ್ಕು ದಿನ ರಜೆ ದೊರೆತರೆ ಮನಸ್ಸು ಸಮುದ್ರದತ್ತ ಹರಿಯುತ್ತದೆ. ಸಮೀಪವಾದರೆ ಮಲ್ಪೆಯ ಸೇಂಟ್ ಮೇರೀಸ್ ದ್ವೀಪ, ದೂರವಾದರೆ ಅಂಡಮಾನ್. ಹೋಗಿಬಂದವರ ಸಲಹಾಪಟ್ಟಿ ಕೈಯಿಂದ ಕೈಗೆ, ಮನೆಯಿಂದ ಮನೆಗೆ ಸಾಗುತ್ತದೆ. ಗೆಡ್ಡೆಗೆಣಸಿಲ್ಲದ ಊಟ ಎಲ್ಲಿ ದೊರೆಯುತ್ತದೆ, ಖಾಖ್ರಾ ಎಷ್ಟು ಕಟ್ಟಿಕೊಳ್ಳಬೇಕು, ಈರುಳ್ಳಿ ಬೆಳ್ಳುಳ್ಳಿ ಬೇಡವೆಂದು ಹೋಟೆಲಿನವನಿಗೆ ಹೇಗೆ ತಿಳಿಸಬೇಕು ಎಂಬಲ್ಲಿಗೆ ಧರ್ಮದ ಪ್ರಕರಣ ಮುಗಿಯುತ್ತದೆ. ಅನಂತರ ಬರುವುದೆಲ್ಲ ಎಲ್ಲಿ ಚಿತ್ರ ತೆಗೆಯಬೇಕು, ಯಾವ ದೋಣಿಯಲ್ಲಿ ಹವಳ ಹತ್ತಿರದಿಂದ ಕಾಣುತ್ತದೆ, ಯಾವ ದಂಡೆಯಲ್ಲಿ ಒಳ್ಳೆಯ ಚಿಪ್ಪುಗಳು ಸಿಗುತ್ತವೆ ಎಂಬ ವಿವರ.

ಊಟದ ವಿಚಾರ ಅಲ್ಪವೆಂದು ನಾನು ಹೇಳುವುದಿಲ್ಲ. ಆಹಾರಶುದ್ಧಿ ಶ್ರಾವಕಾಚಾರದ ಬುನಾದಿ. ಆದರೆ ಬುನಾದಿಯನ್ನೇ ಮನೆಯೆಂದು ಭಾವಿಸಿದರೆ ಮಳೆಗೆ ನೆನೆಯಬೇಕಾಗುತ್ತದೆ. ತಟ್ಟೆಯಲ್ಲಿ ಒಂದು ಆಲೂಗಡ್ಡೆಯ ಹೋಳು ಬಿದ್ದರೆ ಊಟ ಬಿಟ್ಟೇಳುವವನು ಅದೇ ದಿನ ಮಧ್ಯಾಹ್ನ ಹವಳದ ದಿಬ್ಬದ ಮೇಲೆ ನಿಂತು ಚಿತ್ರ ತೆಗೆಸಿಕೊಂಡರೆ, ಅವನ ವ್ರತ ನಾಲಿಗೆಯಲ್ಲಿ ಮಾತ್ರ ಉಳಿಯಿತು, ಪಾದಕ್ಕೆ ಇಳಿಯಲಿಲ್ಲ ಎಂದೇ ಹೇಳಬೇಕು.

ಸಲಹೆ ಎಂಬುದು ಬರಿಯ ಮಾತಲ್ಲ, ಅದು ಒಂದು ಕ್ರಿಯೆ. ಕೃತ, ಕಾರಿತ, ಅನುಮೋದಿತ ಎಂಬ ಮೂರು ದ್ವಾರಗಳಿಂದಲೂ ಕರ್ಮಾಸ್ರವವಾಗುತ್ತದೆಂಬುದು ನಮ್ಮ ಮಕ್ಕಳಿಗೂ ತಿಳಿದ ವಿಷಯ. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ಐದು ಬಗೆಯಾಗಿ ವಿಭಾಗಿಸಿ, ಪಾಪೋಪದೇಶವನ್ನು ಅವುಗಳಲ್ಲಿ ಸೇರಿಸಿದ್ದಾರೆ. ಪ್ರಾಣಿಪೀಡೆಗೆ ಪ್ರೇರಕವಾಗುವ ಮಾತನ್ನಾಡುವುದೇ ಪಾಪೋಪದೇಶ. ಅದೇ ಪಟ್ಟಿಯ ಪ್ರಮಾದಚರ್ಯೆಯಲ್ಲಿ ನಿಷ್ಪ್ರಯೋಜಕವಾಗಿ ಅಲೆದಾಡುವುದನ್ನೂ, ಇತರರನ್ನು ಅಲೆದಾಡಿಸುವುದನ್ನೂ ಆಚಾರ್ಯರು ಹೆಸರಿಸಿದ್ದಾರೆ. ಎಲ್ಲಿ ಚಿಪ್ಪು ಹೇರಳವೆಂದು ಹತ್ತು ಮನೆಗೆ ತಿಳಿಸಿದವನು ಆ ಹತ್ತು ಮನೆಯವರು ಆರಿಸಿ ತಂದ ಚಿಪ್ಪುಗಳಲ್ಲಿ ಪಾಲುದಾರ. ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ, ಬಂಡವಾಳ ಹೂಡದಿದ್ದರೂ ಜಾಮೀನು ನಿಂತವನು ಸಾಲದಿಂದ ಪಾರಾಗಲಾರ.

ಮೊದಲು ಸಮೀಪದ ದ್ವೀಪವನ್ನೇ ನೋಡೋಣ. ಮಲ್ಪೆಯಿಂದ ದೋಣಿಯಲ್ಲಿ ಸ್ವಲ್ಪ ದೂರದಲ್ಲಿರುವ ಸೇಂಟ್ ಮೇರೀಸ್ ದ್ವೀಪಸಮೂಹದಲ್ಲಿ ನಾಲ್ಕು ಮುಖ್ಯ ದ್ವೀಪಗಳಿವೆ. 1498ರಲ್ಲಿ ವಾಸ್ಕೋ ಡ ಗಾಮನು ಇಲ್ಲಿ ಇಳಿದು ಈ ಹೆಸರನ್ನಿಟ್ಟನೆಂದು ಪ್ರತೀತಿ. ಪ್ರವಾಸಿಗರು ಹೋಗುವುದು ತೆಂಗಿನ ಮರಗಳಿರುವ ದ್ವೀಪಕ್ಕೆ. ಅಲ್ಲಿ ಕಡೆದಿಟ್ಟಂತೆ ನಿಂತಿರುವ ಬಹುಭುಜ ಶಿಲಾಸ್ತಂಭಗಳು ಯಾವ ಶಿಲ್ಪಿಯ ಕೃತಿಯೂ ಅಲ್ಲ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಭಾರತ ಮತ್ತು ಮಡಗಾಸ್ಕರ್ ಭೂಭಾಗಗಳು ಬೇರೆಯಾಗುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾರಸ ತಣಿಯುತ್ತ ಕುಗ್ಗಿ, ಬಿರಿದು ಈ ರೂಪ ತಾಳಿತೆಂದು ಭೂವಿಜ್ಞಾನಿಗಳು ನಿರ್ಣಯಿಸಿದ್ದಾರೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಪೃಥ್ವೀಕಾಯವನ್ನು ಜೀವವೆಂದು ಒಪ್ಪಿದ ಸಮಾಜದವರು ಈ ಸ್ತಂಭಗಳ ಮುಂದೆ ನಿಂತಾಗ ಬೇರೆಯವರಿಗಿಂತ ಹೆಚ್ಚು ವಿನಯದಿಂದ ನಿಲ್ಲಬೇಕಿತ್ತು. ಆದರೆ ಬಂದವರ ಅನುಭವಕಥನದಲ್ಲಿ ಬಿಸಿಲಿನ ದೂರು, ದೋಣಿಯ ಸರದಿಯ ದೂರು ಮತ್ತು ಚಿಪ್ಪುಗಳ ವರ್ಣನೆ, ಇವಿಷ್ಟೇ ಇರುತ್ತವೆ.

ಆ ಚಿಪ್ಪುಗಳ ವಿಚಾರವನ್ನೇ ತೆಗೆದುಕೊಳ್ಳಿ. ಶಂಖ, ಸಿಂಪಿಗಳನ್ನು ನಮ್ಮ ಶಾಸ್ತ್ರಗಳು ದ್ವೀಂದ್ರಿಯ ಜೀವಗಳ ಉದಾಹರಣೆಯಾಗಿ ಎಣಿಸುತ್ತವೆ. ಪಾಠಶಾಲೆಯಲ್ಲಿ ಇದನ್ನು ಕಂಠಪಾಠ ಮಾಡಿಸುತ್ತೇವೆ. ಪಾಠ ಒಪ್ಪಿಸಿದ ಮಗುವೇ ದ್ವೀಪಕ್ಕೆ ಹೋದಾಗ ಪ್ಲಾಸ್ಟಿಕ್ ಚೀಲ ಹಿಡಿದು ಚಿಪ್ಪು ತುಂಬುತ್ತದೆ, ತಂದೆತಾಯಿಗಳು ಹೆಮ್ಮೆಪಡುತ್ತಾರೆ. ಬರಿದಾದ ಚಿಪ್ಪಿನಲ್ಲಿ ಜೀವವಿಲ್ಲವಲ್ಲ ಎಂಬ ಸಮಾಧಾನ ಸಿದ್ಧವಾಗಿರುತ್ತದೆ. ಬರಿದೆಂದು ಕಂಡದ್ದೆಲ್ಲ ಬರಿದಲ್ಲ. ಸನ್ಯಾಸಿ ಏಡಿಯ ಹಿಂಭಾಗ ಮೆತ್ತಗಿದ್ದು, ಅದು ಸತ್ತ ಶಂಖದ ಚಿಪ್ಪನ್ನೇ ಮನೆಮಾಡಿಕೊಂಡು ಬದುಕುತ್ತದೆ; ಬೆಳೆದಂತೆ ದೊಡ್ಡ ಚಿಪ್ಪು ಹುಡುಕಿ ಮನೆ ಬದಲಿಸುತ್ತದೆ. ನಮ್ಮ ಗಾಜಿನ ಕಪಾಟಿನಲ್ಲಿರುವ ಅಲಂಕಾರ ಒಂದು ಜೀವಿಗೆ ದೊರೆಯಬೇಕಾಗಿದ್ದ ಆಶ್ರಯ. ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದಕ್ಕೆ ಅದತ್ತಾದಾನವೆಂಬ ಹೆಸರಿದೆ. ಸಮುದ್ರ ನಮಗೆ ಇದನ್ನು ಯಾವಾಗ ಕೊಟ್ಟಿತು?

ಅಂಡಮಾನಿನಲ್ಲಿ ಪ್ರಶ್ನೆ ಇನ್ನೂ ಗಂಭೀರ. ಬೆಂಗಳೂರಿನಿಂದ ವಿಮಾನದಲ್ಲಿ ಕೆಲವೇ ಗಂಟೆಗಳಲ್ಲಿ ತಲುಪಬಹುದಾದ ಪೋರ್ಟ್ ಬ್ಲೇರ್‌ಗೆ 2024ರಲ್ಲಿ ಶ್ರೀ ವಿಜಯಪುರಂ ಎಂದು ಹೆಸರಿಡಲಾಗಿದೆ. ಹ್ಯಾವ್‌ಲಾಕ್ ದ್ವೀಪ 2018ರಿಂದ ಸ್ವರಾಜ್ ದ್ವೀಪ. ಅಲ್ಲಿಯ ಮುಖ್ಯ ಆಕರ್ಷಣೆ ಹವಳ. ಪ್ರವಾಳವನ್ನು ನಮ್ಮ ಪ್ರಾಚೀನರು ಪೃಥ್ವೀಕಾಯದಲ್ಲಿ ಎಣಿಸಿದರು. ಇಂದಿನ ವಿಜ್ಞಾನ ಅದನ್ನು ಸೂಕ್ಷ್ಮ ಪ್ರಾಣಿಗಳ ಸಮೂಹ ಕಟ್ಟಿದ ವಸತಿಯೆಂದು ತೋರಿಸಿದೆ. ಯಾವ ಎಣಿಕೆಯನ್ನು ಹಿಡಿದರೂ ಅದು ನಿರ್ಜೀವ ಕಲ್ಲೆಂಬ ತೀರ್ಮಾನ ಬರುವುದಿಲ್ಲ. ಗುಂಡನೆಯ ಹವಳದ ದಿಬ್ಬ ವರ್ಷಕ್ಕೆ ಬೆಳೆಯುವುದು ಸುಮಾರು ಒಂದು ಸೆಂಟಿಮೀಟರ್. ಒಂದು ಕ್ಷಣದ ಕಾಲ್ತುಳಿತ ಒಂದು ತಲೆಮಾರಿನ ಬೆಳವಣಿಗೆಯನ್ನು ಮುರಿಯಬಲ್ಲದು. ಸಮುದ್ರದ ನೀರು ಅತಿಯಾಗಿ ಬಿಸಿಯಾದ 2010 ಮತ್ತು 2016ರಲ್ಲಿ ಅಂಡಮಾನಿನ ಹವಳಗಳು ಬಿಳಿಚಿಕೊಂಡವು. ಹೀಗೆ ಬಳಲಿದ ಜೀವಸಮುದಾಯದ ಮೇಲೆ ನಮ್ಮ ಪಾದ ಬೀಳುತ್ತಿದೆ. ಮೈಗೆ ಹಚ್ಚುವ ಬಿಸಿಲುಲೇಪನಗಳಲ್ಲಿ ಕೆಲವು ರಾಸಾಯನಿಕಗಳು ಹವಳಕ್ಕೆ ಹಾನಿಕರವೆಂದು ಪಲಾವ್ ಎಂಬ ಪುಟ್ಟ ದ್ವೀಪರಾಷ್ಟ್ರ 2020ರಿಂದ ಅವನ್ನು ನಿಷೇಧಿಸಿದೆ. ಅಹಿಂಸೆಯ ಹೆಸರಿಲ್ಲದ ದೇಶವೊಂದು ಮಾಡಿದ ನಿಯಮ, ಅಹಿಂಸೆಯನ್ನೇ ಪರಮಧರ್ಮವೆನ್ನುವ ನಮ್ಮ ಸಲಹಾಪಟ್ಟಿಯಲ್ಲಿ ಇಲ್ಲ.

ಇನ್ನೊಂದು ಸಂಗತಿಯನ್ನು ಹೇಳದೆ ಬಿಡಲಾಗದು. ಅಂಡಮಾನ್ ಟ್ರಂಕ್ ರಸ್ತೆ ಜಾರವಾ ಜನರ ಮೀಸಲು ಅರಣ್ಯದ ಮೂಲಕ ಹಾದುಹೋಗುತ್ತದೆ. ಹೊರಜನರ ಸಂಪರ್ಕಕ್ಕೆ ಬಂದ ಕೆಲವೇ ಸಮಯದಲ್ಲಿ, 1999ರಲ್ಲಿ, ಅವರಲ್ಲಿ ದಡಾರ ಹಬ್ಬಿತು. ಪ್ರವಾಸಿಗರಿಗಾಗಿ ಆ ಹೆಣ್ಣುಮಕ್ಕಳನ್ನು ಕುಣಿಸಿದ ದೃಶ್ಯಗಳು 2012ರಲ್ಲಿ ಹೊರಬಂದಾಗ ದೇಶವೇ ತಲೆತಗ್ಗಿಸಿತು. ಅವರ ಚಿತ್ರ ತೆಗೆಯುವುದು, ಅವರಿಗೆ ತಿನಿಸು ಕೊಡುವುದು ಅಪರಾಧ. ಉತ್ತರ ಸೆಂಟಿನೆಲ್ ದ್ವೀಪಕ್ಕಂತೂ ಹೋಗುವುದೇ ನಿಷಿದ್ಧ. ಸುತ್ತಲಿನ ಐದು ನಾಟಿಕಲ್ ಮೈಲು ಸಮುದ್ರವೂ ನಿಷಿದ್ಧ. ಆದರೂ 2025ರ ಮಾರ್ಚ್ ಕೊನೆಯಲ್ಲಿ ಅಮೆರಿಕದ ಪ್ರವಾಸಿಯೊಬ್ಬ ಅಲ್ಲಿ ಇಳಿದು, ಒಂದು ತೆಂಗಿನಕಾಯಿಯನ್ನೂ ಒಂದು ಕೋಲಾ ಡಬ್ಬಿಯನ್ನೂ ಕಾಣಿಕೆಯಾಗಿ ಇಟ್ಟುಬಂದು ಬಂಧಿತನಾದ. ನಮ್ಮ ರೋಗಗಳಿಗೆ ನಿರೋಧಶಕ್ತಿಯಿಲ್ಲದ ಜನರಿಗೆ ಅಂಥ ಕಾಣಿಕೆ ಮೃತ್ಯುವಾಗಬಹುದೆಂಬ ವಿವೇಕ ಅವನಿಗಿರಲಿಲ್ಲ.

ಈ ವಿವೇಕವನ್ನು ನಾವು ಹೊರಗಿನಿಂದ ಕಲಿಯಬೇಕಾಗಿಲ್ಲ. ದ್ವೀಪಸಮುದ್ರಗಳಿಂದಲೇ ಮಧ್ಯಲೋಕವನ್ನು ವರ್ಣಿಸುವ ಪರಂಪರೆ ನಮ್ಮದು. ಮನುಷ್ಯನ ಸಂಚಾರ ಎರಡೂವರೆ ದ್ವೀಪಗಳಿಗೆ ಸೀಮಿತ. ಮಾನುಷೋತ್ತರ ಪರ್ವತವನ್ನು ಅವನು ದಾಟಲಾರ. ಎಂಟನೆಯದಾದ ನಂದೀಶ್ವರ ದ್ವೀಪದ ಐವತ್ತೆರಡು ಚೈತ್ಯಾಲಯಗಳನ್ನು ನಾವು ಆಷಾಢ, ಕಾರ್ತಿಕ, ಫಾಲ್ಗುನಗಳ ಅಷ್ಟಾಹ್ನಿಕ ಪರ್ವದಲ್ಲಿ ಇಲ್ಲಿಂದಲೇ ಪೂಜಿಸುತ್ತೇವೆ. ಕಾಲಿಡದೆಯೂ ಒಂದು ದ್ವೀಪವನ್ನು ಪೂಜ್ಯವಾಗಿ ಕಾಣಬಹುದೆಂಬುದನ್ನು ವರ್ಷಕ್ಕೆ ಮೂರು ಬಾರಿ ಆಚರಿಸುವ ಜನ ನಾವು. ಹೋಗಲಾಗದ ಸ್ಥಳವನ್ನು ಗೌರವಿಸುವವರು, ಹೋಗಬಾರದ ಸ್ಥಳವನ್ನು ಏಕೆ ಗೌರವಿಸಬಾರದು?

ಕೆಲವರು ಆಕ್ಷೇಪಿಸಬಹುದು: ಜೈನ ವರ್ತಕರು ಸಮುದ್ರ ದಾಟಿ ದ್ವೀಪಾಂತರಗಳಿಗೆ ಹೋದ ಕಥೆಗಳು ಪುರಾಣಗಳಲ್ಲಿ ಇಲ್ಲವೇ ಎಂದು. ಇವೆ. ಹರಿವಂಶ ಪುರಾಣದ ಚಾರುದತ್ತನ ಕಥೆಯನ್ನೇ ನೆನೆಯಿರಿ. ರತ್ನದ್ವೀಪಕ್ಕೆ ಹೋಗಲು ಆಡುಗಳನ್ನು ಕೊಂದು, ಅವುಗಳ ಚರ್ಮದೊಳಗೆ ಅಡಗಿ, ಭೇರುಂಡ ಪಕ್ಷಿಗಳಿಂದ ಎತ್ತಿಸಿಕೊಳ್ಳುವ ಉಪಾಯವನ್ನು ಸಹಪ್ರಯಾಣಿಕ ರುದ್ರದತ್ತ ಹೂಡಿದ. ಚಾರುದತ್ತ ಅದನ್ನು ಒಪ್ಪಲಿಲ್ಲ. ಪ್ರಾಣ ಬಿಡುತ್ತಿದ್ದ ಆಡಿಗೆ ಪಂಚನಮಸ್ಕಾರ ಮಂತ್ರವನ್ನು ಉಪದೇಶಿಸಿದ. ದ್ವೀಪಕ್ಕೆ ಹೋಗುವ ದಾರಿಯ ಬೆಲೆಯನ್ನು ಯಾವ ಜೀವ ತೆರುತ್ತದೆಂಬ ಪ್ರಶ್ನೆಯನ್ನು ಪುರಾಣಕಾರರು ಮರೆಮಾಚಲಿಲ್ಲ, ಮರೆಮಾಚುತ್ತಿರುವವರು ನಾವು.

ಮತ್ತೊಂದು ಆಕ್ಷೇಪ: ಲಕ್ಷಗಟ್ಟಲೆ ಜನ ಹೋಗುವಲ್ಲಿ ನಮ್ಮೊಬ್ಬರ ಪಾಲು ಎಷ್ಟು ಎಂಬುದು. ಮಹದೇವಪುರದವರು ಈ ಮಾತನ್ನು ಆಡಬಾರದು. ನಮ್ಮ ಪಕ್ಕದ ಬೆಳ್ಳಂದೂರು ಕೆರೆ ನೊರೆಯುಗುಳಿ, 2017ರಲ್ಲಿ ಹೊತ್ತಿ ಉರಿದುದನ್ನು ಕಂಡವರು ನಾವು. ಆ ಕೆರೆಯನ್ನು ಒಬ್ಬನೇ ಕೆಡಿಸಲಿಲ್ಲ. ತನ್ನ ಪಾಲು ಅಲ್ಪವೆಂದ ಲಕ್ಷಾಂತರ ಮನೆಗಳು ಕೂಡಿ ಕೆಡಿಸಿದವು. ಮನೆಯ ಮುಂದಿನ ಕೆರೆಯಲ್ಲಿ ಕಲಿತ ಪಾಠವನ್ನು ನೀಲಿ ಸಮುದ್ರದ ಎದುರು ಮರೆಯುವುದು ವಿವೇಕವಲ್ಲ. ಹಾಗಾದರೆ ಯುವಕರು ವಿಶ್ರಾಂತಿಗೆ ಎಲ್ಲಿಗೂ ಹೋಗಬಾರದೇ? ಹೋಗಲಿ. ದ್ವೀಪದ ದೋಣಿಯವರೂ ಎಳನೀರು ಮಾರುವವರೂ ಬದುಕಬೇಕು. ದಿಗ್ವ್ರತ, ದೇಶವ್ರತಗಳು ಸಂಚಾರಕ್ಕೆ ಬೇಲಿ ಹಾಕುತ್ತವೆಯೇ ಹೊರತು ಬೀಗ ಹಾಕುವುದಿಲ್ಲ.

ಸಲಹೆ ಕೊಡುವುದೇ ಆದರೆ ಹೀಗೆ ಕೊಡಿ. ಹೊರಡುವ ಮೊದಲು ಈ ವರ್ಷ ಎಷ್ಟು ದೂರ, ಎಷ್ಟು ದಿನ ಎಂದು ಪರಿಮಾಣ ಮಾಡಿಕೊಳ್ಳಿ. ಮಳೆಗಾಲದಲ್ಲಿ ಸೇಂಟ್ ಮೇರೀಸ್‌ಗೆ ದೋಣಿ ಇರುವುದಿಲ್ಲ. ಉಳಿದ ಕಾಲದಲ್ಲಿಯೂ ಬಂಡೆಗಳ ಅಂಚಿಗೆ ಹೋಗಬೇಡಿ, 2022ರ ಏಪ್ರಿಲ್‌ನಲ್ಲಿ ಅಲ್ಲಿ ವಿದ್ಯಾರ್ಥಿಗಳು ಸಮುದ್ರಪಾಲಾದರು. ಕುಡಿಯುವ ನೀರನ್ನು ಸೋಸಿ ಸ್ವಂತ ಪಾತ್ರೆಯಲ್ಲಿ ಒಯ್ಯಿರಿ. ಒಯ್ದ ಪ್ರತಿಯೊಂದು ಪೊಟ್ಟಣವನ್ನೂ ಮರಳಿ ತನ್ನಿರಿ. ಅಂಡಮಾನಿನಲ್ಲಿ ಡಿಸೆಂಬರ್ ತಿಂಗಳು ಸಂಜೆ ಐದರ ಸುಮಾರಿಗೇ ಸೂರ್ಯಾಸ್ತ. ರಾತ್ರಿಭೋಜನ ತ್ಯಾಗವುಳ್ಳವರು ಬೆಂಗಳೂರಿನ ಗಡಿಯಾರವನ್ನು ನಂಬಬಾರದು. ನೀರಿಗಿಳಿದರೆ ಹವಳವನ್ನು ಮುಟ್ಟಬೇಡಿ, ಅದರ ಮೇಲೆ ನಿಲ್ಲಬೇಡಿ, ಮೀನಿಗೆ ತಿನಿಸು ಎಸೆದು ಪುಣ್ಯ ಬಂತೆಂದು ತಿಳಿಯಬೇಡಿ. ಸತ್ತ ಹವಳದ ತುಂಡನ್ನೂ ತರಬೇಡಿ. 2001ರಿಂದ ಹವಳಕ್ಕೂ ಕೆಲವು ಜಾತಿಯ ಶಂಖಗಳಿಗೂ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ. ಜಾರವಾ ಅರಣ್ಯದ ರಸ್ತೆಯನ್ನು ನೋಟದ ಆಸೆಯಿಂದ ಹಿಡಿಯಬೇಡಿ.

ಬಸದಿಗಳ ವಿಶ್ವಸ್ಥ ಮಂಡಳಿಗಳಿಗೂ ಒಂದು ಮಾತು. ಕಾರ್ಕಳ, ಮೂಡುಬಿದಿರೆ, ವೇಣೂರುಗಳ ತೀರ್ಥಯಾತ್ರೆ ಏರ್ಪಡಿಸಿ, ಜನ ಸೇರಲೆಂದು ಕೊನೆಯ ದಿನಕ್ಕೆ ಸೇಂಟ್ ಮೇರೀಸ್ ದ್ವೀಪವನ್ನು ಜೋಡಿಸುವುದು ಸುಲಭ. ಜೋಡಿಸುವುದಾದರೆ ಮೇಲಿನ ನಿಯಮಗಳನ್ನು ಯಾತ್ರಾಪತ್ರಿಕೆಯಲ್ಲಿ ಊಟದ ವೇಳಾಪಟ್ಟಿಗಿಂತ ಮೇಲೆ ಅಚ್ಚುಹಾಕಿಸಿ, ದೋಣಿ ಹತ್ತುವ ಮೊದಲು ಓದಿಸಿ. ಯಾತ್ರಿಕರಿಗೆ ದೋಣಿಯ ಸಂತೋಷವೇ ಬೇಕಾದರೆ ಅದೇ ದಾರಿಯಲ್ಲಿ ವರಂಗದ ಕೆರೆ ಬಸದಿಯಿದೆ. ನೀರಿನ ನಡುವೆ ನಿಂತ ಆ ಚತುರ್ಮುಖ ಬಸದಿಗೂ ದೋಣಿಯಲ್ಲಿಯೇ ಹೋಗಬೇಕು.

ಸಾಧರ್ಮಿ ಬಂಧುಗಳೇ, ಈ ರಜೆಯಲ್ಲಿ ದ್ವೀಪಕ್ಕೆ ಹೋಗಿಬಂದವರನ್ನು ಊಟ ಹೇಗಿತ್ತೆಂದು ಕೇಳುವ ಮೊದಲು, ಅಲ್ಲಿಂದ ಏನನ್ನು ತಂದಿರಿ, ಅಲ್ಲಿ ಏನನ್ನು ಬಿಟ್ಟುಬಂದಿರಿ ಎಂದು ಕೇಳಿ. ಎರಡಕ್ಕೂ ಏನೂ ಇಲ್ಲವೆಂಬ ಉತ್ತರ ಕೊಡಬಲ್ಲವರ ಸಲಹೆಯನ್ನು ಮಾತ್ರ ಮುಂದಿನ ಮನೆಗೆ ದಾಟಿಸಿ.