ದೇವದುರ್ಗಕ್ಕೊಂದು ಅಳತೆ, ಕಾಫಿ ತೋಟಕ್ಕೊಂದು ಅಳತೆ

2005ಕ್ಕೆ ಮೊದಲೇ ಸರಕಾರಿ ಜಮೀನು ಉಳುತ್ತಿದ್ದ ಬಡವರಿಗಾಗಿ 2018ರಲ್ಲಿ ನಮೂನೆ 57 ಬಂತು. ದೇವದುರ್ಗದ ಬಗರ್‌ಹುಕುಂ ರೈತನಿಗೆ ಸ್ವಂತ ಹಿಡುವಳಿಯೂ ಸೇರಿ 4 ಎಕರೆ 38 ಗುಂಟೆಯೇ ಮಿತಿ. ಗೋಮಾಳವಾದರೆ ನೂರು ರಾಸುಗಳಿಗೆ 30 ಎಕರೆ ಬಿಟ್ಟು ಮಿಕ್ಕಿದ್ದು ಮಾತ್ರ ಸಿಗುತ್ತದೆ. ಈ ನಿಯಮ ನ್ಯಾಯವೇ. ದನ ಮೇಯಿಸುವವನೂ ಬಡವನೇ ಅಲ್ಲವೇ?

ಆದರೆ 2022ರ ತಿದ್ದುಪಡಿ ಒತ್ತುವರಿ ಮಾಡಿದ ಕಾಫಿ, ಏಲಕ್ಕಿ ಬೆಳೆಗಾರರಿಗೆ 25 ಎಕರೆವರೆಗೆ, 30 ವರ್ಷಗಳ ಗುತ್ತಿಗೆಗೆ ದಾರಿ ತೆರೆಯಿತು. ಒತ್ತುವರಿ ಒಂದೇ, ಅಳತೆ ಎರಡೇಕೆ? ಕುಮ್ಕಿ ಹಕ್ಕಿಗಾಗಿ ದನಿಯೆತ್ತುವ ಕರಾವಳಿಯ ನಾವು ದೇವದುರ್ಗದ ಅರ್ಜಿದಾರರನ್ನು ಮರೆಯಬಾರದು. ಮೊದಲು ಗೋಮಾಳದ ಗಡಿ ಅಳೆದು ಗುರುತಿಸಲಿ. ಬಳಿಕ ಅರ್ಹ ಬಡವರಿಗೆ ವಿಳಂಬವಿಲ್ಲದೆ ಹಕ್ಕುಪತ್ರ ಕೊಡಲಿ. ಭೂಮಿ ದೇವರ ಕೊಡುಗೆ; ಹಂಚುವ ಕೈ ತಾರತಮ್ಯ ಮಾಡಬಾರದು.