ದೊಡ್ಡ ಟೈರಿನ ಲೆಕ್ಕಾಚಾರ

ಮದ್ದೂರು, ಮಳವಳ್ಳಿ ಕಡೆಯ ಕಬ್ಬಿನ ಗದ್ದೆ, ಆಲೆಮನೆಗಳಿಗೆ ಓಡಾಡುವ ವರ್ತಕರು ಜೀಪನ್ನು ಎರಡಂಗುಲ ಎತ್ತರಿಸಿ ದೊಡ್ಡ ಟೈರು ಹಾಕಿಸುವುದುಂಟು. ಕೆಸರಿನಲ್ಲಿ ಅನುಕೂಲವೆಂಬುದು ನಿಜ. ಆದರೆ 215/75 ಆರ್ 15ರ ಬದಲು 235/75 ಆರ್ 15 ಹಾಕಿದರೆ ಚಕ್ರದ ವ್ಯಾಸ 703.5ರಿಂದ 733.5 ಮಿಲಿಮೀಟರಿಗೆ ಏರುತ್ತದೆ. ಮೀಟರು 100 ಕಿಲೋಮೀಟರು ತೋರಿಸಿದಾಗ ವಾಹನವು ಕ್ರಮಿಸಿರುವುದು 104. (ಮೈಲೇಜು ಕುಸಿಯಿತೆಂದು ಚಾಲಕನನ್ನು ಗದರಿಸುವ ಮುನ್ನ ಇದನ್ನು ನೆನೆಯುವುದು ಒಳಿತು.)

ಇದು ಸಣ್ಣ ಮಾತು. ತಯಾರಕರ ಮೂಲ ವಿವರಗಳಿಗೆ ಭಿನ್ನವಾದ ಮಾರ್ಪಾಡನ್ನು ಮೋಟಾರು ವಾಹನ ಕಾಯಿದೆಯ 52ನೇ ಕಲಮು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಅಪಘಾತವಾದಾಗ ವಿಮಾ ಸರ್ವೇಯರು ಈ ಮಾರ್ಪಾಡನ್ನೇ ಮುಂದಿಟ್ಟರೆ ಪರಿಹಾರಕ್ಕೆ ತಕರಾರು ಬರಬಹುದು. ಟೈರಿನ ಬಿಲ್ಲು ಅದರ ಮುಂದೆ ಏನೂ ಅಲ್ಲ. ನನ್ನ ಅಭಿಪ್ರಾಯದಲ್ಲಿ, ಎತ್ತರಿಸುವುದನ್ನು ಕೈಬಿಟ್ಟು, ಅದೇ ಮಾದರಿಗೆ ತಯಾರಕರು ಸೂಚಿಸಿದ ಅಳತೆಯಲ್ಲಿಯೇ ಕೆಸರಿಗೊಗ್ಗುವ ಟೈರನ್ನು ಹಾಕಿಸಿ, ಬಿಲ್ಲನ್ನು ಕಡತದಲ್ಲಿ ಇಡತಕ್ಕದ್ದು.