ತೇರ್ಗಡೆಯ ಗೆರೆ ಎಳೆಯುವವರು ಯಾರು?

2024ರ ಮಾರ್ಚ್‌ನಲ್ಲಿ ರಾಜ್ಯ ಪಠ್ಯಕ್ರಮದ 5, 8 ಮತ್ತು 9ನೇ ತರಗತಿಯ ಮಕ್ಕಳು ಪಟ್ಟ ಪಾಡನ್ನು ಪೋಷಕರು ಇನ್ನೂ ಮರೆತಿರಲಾರರು. 6ರಂದು ಹೈಕೋರ್ಟ್‌ನ ಏಕಸದಸ್ಯ ಪೀಠ ಮಂಡಳಿ ಪರೀಕ್ಷೆಯನ್ನು ರದ್ದು ಮಾಡಿತು. ಮರುದಿನವೇ ವಿಭಾಗೀಯ ಪೀಠ ಆ ಆದೇಶಕ್ಕೆ ತಡೆ ಕೊಟ್ಟಿತು. 11ರಂದು ಪರೀಕ್ಷೆ ಶುರುವಾಯಿತು, 12ರಂದು ಸುಪ್ರೀಂ ಕೋರ್ಟ್ ಮಧ್ಯಪ್ರವೇಶಿಸಿದ್ದರಿಂದ ಅರ್ಧಕ್ಕೇ ನಿಂತಿತು. 22ರಂದು ವಿಭಾಗೀಯ ಪೀಠದ ತೀರ್ಪು ಸರ್ಕಾರದ ಪರ ಬಂದ ಮೇಲೆ 25ರಿಂದ ಮುಂದುವರಿಯಿತು. ಏಪ್ರಿಲ್ 8ರಂದು, ಫಲಿತಾಂಶ ಹೊರಬೀಳುವ ಹೊತ್ತಿಗೆ, ಸುಪ್ರೀಂ ಕೋರ್ಟ್ ಅದಕ್ಕೂ ತಡೆ ನೀಡಿತು. ಬರೆದ ಪರೀಕ್ಷೆಯ ಗತಿ ಏನು ಎಂದು ಕೇಳಿದ ಹತ್ತು ವರ್ಷದ ಮಗುವಿಗೆ ಉತ್ತರ ಹೇಳುವ ಸ್ಥಿತಿಯಲ್ಲಿ ಯಾವ ಮುಖ್ಯ ಶಿಕ್ಷಕರೂ ಇರಲಿಲ್ಲ.

ಇದು ಮೊದಲ ಸಲ ಆದ ಎಡವಟ್ಟಾಗಿದ್ದರೆ ಮನ್ನಿಸಬಹುದಿತ್ತು. 2023ರ ಮಾರ್ಚ್‌ನಲ್ಲಿಯೂ ಇದೇ ನಾಟಕ ನಡೆದಿತ್ತು. ಆಗ 5 ಮತ್ತು 8ನೇ ತರಗತಿಗೆ ಸುತ್ತೋಲೆಯ ಮೂಲಕ ಹೇರಿದ್ದ ಪರೀಕ್ಷೆಯನ್ನು ಹೈಕೋರ್ಟ್‌ನ ಏಕಸದಸ್ಯ ಪೀಠ ರದ್ದುಪಡಿಸಿ, ಇಂಥ ಬದಲಾವಣೆ ಬೇಕಿದ್ದರೆ ಶಿಕ್ಷಣ ಕಾಯ್ದೆಯಡಿ ನಿಯಮ ರೂಪಿಸಿ ತನ್ನಿ ಎಂದಿತ್ತು. ನಿಯಮ ಎಂದರೆ ಕರಡು ಪ್ರಕಟಿಸಬೇಕು, ಆಕ್ಷೇಪಣೆ ಕೇಳಬೇಕು, ಶಾಸನಸಭೆಯ ಮುಂದಿಡಬೇಕು. ಅಷ್ಟು ತಾಳ್ಮೆ ಯಾರಿಗಿದೆ? ಅದೇ ವರ್ಷದ ಅಕ್ಟೋಬರ್‌ನಲ್ಲಿ ಹೊರಬಿದ್ದದ್ದು ಮತ್ತೆ ಅಧಿಸೂಚನೆಯೇ. ಈ ಸಲ 9 ಮತ್ತು 11ನೇ ತರಗತಿಯನ್ನೂ ಸೇರಿಸಲಾಗಿತ್ತು. ಮೊದಲ ಸುತ್ತೋಲೆ ಹೊರಟದ್ದು ಬಿಜೆಪಿ ಸರ್ಕಾರದಲ್ಲಿ, ಎರಡನೆಯದು ಕಾಂಗ್ರೆಸ್ ಸರ್ಕಾರದಲ್ಲಿ. ಪಕ್ಷ ಬದಲಾಯಿತು, ಚಾಳಿ ಬದಲಾಗಲಿಲ್ಲ.

ಈ ಚಾಳಿಯ ಬೇರು ಇರುವುದು ನಮ್ಮ ಶಾಲೆಗಳ ಆಡಳಿತವನ್ನು ಹಂಚಿರುವ ರೀತಿಯಲ್ಲಿ. ಏನು ಕಲಿಸಬೇಕು ಎನ್ನುವುದು ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯ (ಡಿಎಸ್‌ಇಆರ್‌ಟಿ) ಕೆಲಸ. ಪುಸ್ತಕ ಅಚ್ಚಾಗುವುದು ಪಠ್ಯಪುಸ್ತಕ ಸಂಘದಲ್ಲಿ. ನೇಮಕ, ವರ್ಗಾವಣೆ ಇಲಾಖೆಯ ಆಯುಕ್ತರ ಕಡೆ. ಕಟ್ಟಡ ಸೋರಿದರೆ, ಬಿಸಿಯೂಟ ನಿಂತರೆ ಜಿಲ್ಲಾ ಪಂಚಾಯಿತಿಯ ಬಾಗಿಲು ತಟ್ಟಬೇಕು. 1966ರ ಕಾಯ್ದೆಯ ಪ್ರಕಾರ ರೂಪುಗೊಂಡ ಮಂಡಳಿಗೆ ಉಳಿದದ್ದು ಪರೀಕ್ಷೆಯೊಂದೇ. 2022ರಲ್ಲಿ ಪಿಯು ಪರೀಕ್ಷೆಯೂ ಅದರ ತೆಕ್ಕೆಗೆ ಬಂದು, ಅದು ‘ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ’ಯಾಯಿತು. ಶಾಲೆ ಸುಧಾರಿಸುವ ಉಳಿದ ಸಾಧನಗಳೆಲ್ಲ ಹಣ ಕೇಳುತ್ತವೆ, ಪುರಸೊತ್ತು ಕೇಳುತ್ತವೆ. ಪರೀಕ್ಷೆ ಮಾತ್ರ ಒಂದು ಸಹಿಯಲ್ಲಿ ರಾಜ್ಯದ ಮೂಲೆಮೂಲೆಗೂ ತಲುಪುತ್ತದೆ. ಆದ್ದರಿಂದ ಯಾವ ಸಚಿವರೇ ಬರಲಿ, ಸುಧಾರಣೆಯ ಹೆಸರಿನಲ್ಲಿ ಮೊದಲು ಕೈ ಹಾಕುವುದು ಪರೀಕ್ಷೆಗೆ.

ಪರೀಕ್ಷೆಯ ಬಲದಿಂದ ಶಾಲೆಯನ್ನು ಆಳಿದರೆ ಶಾಲೆ ಹೇಗಾಗುತ್ತದೆ ಎಂಬುದನ್ನು ನೋಡಲು ಫೆಬ್ರುವರಿಯಲ್ಲಿ ಯಾವುದಾದರೂ ಸರ್ಕಾರಿ ಪ್ರೌಢಶಾಲೆಗೆ ಹೋಗಬೇಕು. ಹತ್ತನೇ ತರಗತಿಯ ಮಕ್ಕಳನ್ನು ಎ, ಬಿ, ಸಿ ಎಂದು ಗುಂಪು ಮಾಡಿರುತ್ತಾರೆ. ಸಿ ಗುಂಪಿನವರ ಕೈಗೆ ‘ಪಾಸಿಂಗ್ ಪ್ಯಾಕೇಜ್’ ಬಂದಿರುತ್ತದೆ: ನಾಲ್ಕು ಚಿತ್ರ, ಎರಡು ಪ್ರಮೇಯ, ಒಂದು ನಕ್ಷೆ, ಒಂದು ಪತ್ರಲೇಖನ, ಬಾಯಿಪಾಠಕ್ಕೊಂದು ಪದ್ಯ. ಬೆಳಗಿನ ಜಾವ ಶಿಕ್ಷಕರು ಫೋನ್ ಮಾಡಿ ಮಕ್ಕಳನ್ನು ಎಬ್ಬಿಸುತ್ತಾರೆ. ಸಂಜೆ ವಿಶೇಷ ತರಗತಿ. ಎಂಟನೇ ತರಗತಿಯ ಗಣಿತಕ್ಕೆ ಶಿಕ್ಷಕರಿಲ್ಲ ಎಂಬ ಮಾತು ಆ ತಿಂಗಳು ಯಾರ ಕಿವಿಗೂ ಬೀಳದು, ಏಕೆಂದರೆ ಬಿಇಒ ಸಭೆಯಲ್ಲಿ ಕೇಳುವುದು ಹತ್ತನೇ ತರಗತಿಯ ಶೇಕಡಾವಾರು ಮಾತ್ರ. ಈ ಶಿಕ್ಷಕರನ್ನು ದೂರುವುದರಲ್ಲಿ ಅರ್ಥವಿಲ್ಲ. ಫಲಿತಾಂಶ ಕುಸಿದರೆ ಕಾರಣ ಕೇಳಿ ನೋಟಿಸ್ ಬರುವುದು ಅವರಿಗೆ. ಹುದ್ದೆಯನ್ನು ವರ್ಷಗಟ್ಟಲೆ ಖಾಲಿ ಬಿಟ್ಟವರಿಗೆ ನೋಟಿಸ್ ಕೊಡುವ ಪದ್ಧತಿ ನಮ್ಮಲ್ಲಿಲ್ಲ.

ಹೀಗಿದ್ದರೂ ಮಂಡಳಿ ಮಾಡಿದ ಒಂದು ಒಳ್ಳೆಯ ಕೆಲಸವನ್ನು ಮೆಚ್ಚಲೇಬೇಕು. 2016ರಲ್ಲಿ ದ್ವಿತೀಯ ಪಿಯು ರಸಾಯನಶಾಸ್ತ್ರದ ಪ್ರಶ್ನೆಪತ್ರಿಕೆ ಎರಡೆರಡು ಬಾರಿ ಸೋರಿಕೆಯಾಗಿ ಮಕ್ಕಳು ಬೀದಿಗಿಳಿದಿದ್ದ ರಾಜ್ಯವಿದು. ಅಂಥ ರಾಜ್ಯದಲ್ಲಿ 2024ರ ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಕೊಠಡಿ ಕೊಠಡಿಗೂ ಸಿಸಿ ಟಿ.ವಿ. ಕ್ಯಾಮೆರಾ ಹಾಕಿ, ವೆಬ್‌ಕಾಸ್ಟಿಂಗ್ ಮೂಲಕ ಮೇಲಧಿಕಾರಿಗಳು ಕುಳಿತಲ್ಲೇ ನೋಡುವಂತೆ ಮಾಡಲಾಯಿತು. ನಕಲಿಗೆ ಕಡಿವಾಣ ಬಿದ್ದ ಕೂಡಲೇ ನಿಜ ಹೊರಬಂತು. 2023ರಲ್ಲಿ ಶೇ 83.89ರಷ್ಟಿದ್ದ ಫಲಿತಾಂಶ ಶೇ 53ರ ಆಸುಪಾಸಿಗೆ ಇಳಿಯಿತು.

ಆ ನಿಜವನ್ನು ಅರಗಿಸಿಕೊಳ್ಳುವ ಶಕ್ತಿ ಮಾತ್ರ ವ್ಯವಸ್ಥೆಗೆ ಇರಲಿಲ್ಲ. ಕೃಪಾಂಕದ ಪ್ರಮಾಣವನ್ನು ಶೇ 10ರಿಂದ ಶೇ 20ಕ್ಕೆ ಏರಿಸಿ, ಫಲಿತಾಂಶ ಶೇ 73.40 ಎಂದು ಘೋಷಿಸಲಾಯಿತು. ಸುಮಾರು 1.7 ಲಕ್ಷ ಮಕ್ಕಳು ದಡ ಸೇರಿದ್ದು ಕೃಪಾಂಕದಿಂದ. ಮುಖ್ಯಮಂತ್ರಿ ಸಿದ್ದರಾಮಯ್ಯ ಸಿಟ್ಟಾದರು, ಮರುವರ್ಷ ಹೆಚ್ಚುವರಿ ಕೃಪಾಂಕ ಹೋಯಿತು, 2025ರ ಪರೀಕ್ಷೆ–1ರಲ್ಲಿ ಶೇ 66.14ರಷ್ಟು ಮಂದಿ ತೇರ್ಗಡೆಯಾದರು. ಇಲ್ಲಿಗೆ ನಿಂತಿದ್ದರೆ ಇದೊಂದು ಚೇತರಿಕೆಯ ಕತೆಯಾಗುತ್ತಿತ್ತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ತೇರ್ಗಡೆಯ ಗೆರೆಯನ್ನೇ ಶೇ 35ರಿಂದ ಶೇ 33ಕ್ಕೆ ಇಳಿಸುವ ಪ್ರಕಟಣೆ ಬಂತು. 625ಕ್ಕೆ 206 ಬಂದರೆ ಪಾಸು, ಒಂದೊಂದು ವಿಷಯದಲ್ಲಿ ಆಂತರಿಕ ಅಂಕವೂ ಸೇರಿ ಕನಿಷ್ಠ 30 ಇದ್ದರಾಯಿತು.

ಇದರ ಲೆಕ್ಕವನ್ನು ಒಮ್ಮೆ ಬಿಡಿಸಿ ನೋಡಿ. ಪ್ರಥಮ ಭಾಷೆ ಬಿಟ್ಟು ಉಳಿದ ವಿಷಯಗಳಲ್ಲಿ ಲಿಖಿತ ಪರೀಕ್ಷೆಗೆ 80, ಆಂತರಿಕ ಮೌಲ್ಯಮಾಪನಕ್ಕೆ 20 ಅಂಕ. ಆ 20ನ್ನು ಕೊಡುವುದು ಶಾಲೆಯೇ, ಅಲ್ಲಿ ಯಾವ ಕ್ಯಾಮೆರಾವೂ ಇಲ್ಲ. ಶಾಲೆ ಧಾರಾಳ ಮನಸ್ಸು ಮಾಡಿ 20ಕ್ಕೆ 20 ಹಾಕಿದರೆ, ಗಣಿತದಲ್ಲಿ 80ಕ್ಕೆ 10 ತೆಗೆದವನೂ ಆ ವಿಷಯ ದಾಟುತ್ತಾನೆ. ಬೇರೆ ಮಂಡಳಿಗಳಲ್ಲೂ ಶೇ 33 ಇದೆ, ನಮ್ಮ ಮಕ್ಕಳಿಗೇಕೆ ಅನ್ಯಾಯ ಎನ್ನುವ ವಾದವಿದೆ. ವಾದದಲ್ಲಿ ಹುರುಳಿಲ್ಲ ಎನ್ನಲಾರೆ. ಹದಿನೈದರ ಹರೆಯದಲ್ಲಿ ಫೇಲ್ ಎಂಬ ಮುದ್ರೆ ಬಿದ್ದ ಹುಡುಗಿಗೆ ಹಲವು ಊರುಗಳಲ್ಲಿ ಓದು ಅಲ್ಲಿಗೇ ಮುಗಿದಂತೆ. ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳ ಅವಕಾಶ ಕೊಟ್ಟ ಕ್ರಮ ಆ ದೃಷ್ಟಿಯಿಂದ ಸರಿಯಾದುದೇ. ಆದರೆ ಗೆರೆ ಇಳಿಸಿದವರು ಹುಡುಗಿಯ ಗಣಿತವನ್ನು ಎತ್ತರಿಸಲು ಏನು ಮಾಡಿದರು ಎಂದು ಕೇಳಿದರೆ ಉತ್ತರ ಸಿಗುವುದು ಕಷ್ಟ.

ಜಿಲ್ಲೆಗಳ ಪಟ್ಟಿಯನ್ನೇ ನೋಡೋಣ. 2025ರಲ್ಲಿ ದಕ್ಷಿಣ ಕನ್ನಡದ ಫಲಿತಾಂಶ ಶೇ 91.12, ಕಲಬುರಗಿಯದು ಶೇ 42.43. ಹಿಂದಿನ ವರ್ಷ ಕೊನೆಯ ಸ್ಥಾನದಲ್ಲಿದ್ದುದು ಯಾದಗಿರಿ. ಒಂದೇ ಪಠ್ಯ, ಒಂದೇ ಪ್ರಶ್ನೆಪತ್ರಿಕೆ, ಒಂದೇ ಮಂಡಳಿ. ಕರಾವಳಿಯ ಮಕ್ಕಳು ಹುಟ್ಟಾ ಜಾಣರು, ಕಲಬುರಗಿಯವರು ದಡ್ಡರು ಎಂದು ಯಾರೂ ಹೇಳಲಾರರು. ಕಲಬುರಗಿ ಭಾಗಕ್ಕೆ ವಿಶೇಷ ಸವಲತ್ತು ಕೊಡುವ ಸಂವಿಧಾನದ 371(ಜೆ) ವಿಧಿ ಬಂದು ದಶಕ ಕಳೆದಿದೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ‘ಅಕ್ಷರ ಆವಿಷ್ಕಾರ’ದ ಹೆಸರಿನಲ್ಲಿ ಹಣ ಕೊಡುತ್ತಿದೆ. ಆದರೂ ಅತಿಥಿ ಶಿಕ್ಷಕರನ್ನೇ ನೆಚ್ಚಿಕೊಂಡ ಶಾಲೆಗಳು ಅಲ್ಲಿ ಇನ್ನೂ ಇವೆ. ಪ್ರತಿ ಮೇ ತಿಂಗಳಲ್ಲಿ ಈ ಅಂತರ ಪತ್ರಿಕೆಗಳ ಮುಖಪುಟಕ್ಕೆ ಬರುತ್ತದೆ, ಜೂನ್‌ನಲ್ಲಿ ಮರೆತುಹೋಗುತ್ತದೆ. ಯಾವ ವಿಷಯದಲ್ಲಿ, ಯಾವ ತಾಲ್ಲೂಕಿನಲ್ಲಿ, ಯಾವ ಶಾಲೆಯಲ್ಲಿ ಮಕ್ಕಳು ಮುಗ್ಗರಿಸಿದರು ಎಂಬ ಮಾಹಿತಿ ಪರೀಕ್ಷಾ ಮಂಡಳಿಯ ಬಳಿ ಇರುತ್ತದೆ. ಅದನ್ನು ಮುಂದಿಟ್ಟುಕೊಂಡು ಇಲ್ಲಿಗೆ ಗಣಿತ ಶಿಕ್ಷಕರನ್ನು ಕೊಡಿ ಎಂದು ಇಲಾಖೆಗೆ ತಾಕೀತು ಮಾಡುವ ಅಧಿಕಾರ ಮಾತ್ರ ಅದಕ್ಕಿಲ್ಲ.

ಮಂಡಳಿಯ ಚುಕ್ಕಾಣಿ ಹಿಡಿಯುವವರು ಸರ್ಕಾರ ನೇಮಿಸಿದ ಅಧಿಕಾರಿಗಳು. ಸಚಿವರ ಕಚೇರಿಯಿಂದ ಕೃಪಾಂಕ ಹೆಚ್ಚಿಸಿ ಎಂಬ ಸೂಚನೆ ಬಂದರೆ ಆಗದು ಎನ್ನುವ ಧೈರ್ಯವನ್ನು ಅವರಿಂದ ನಿರೀಕ್ಷಿಸುವುದು ಅತಿಯಾಸೆ. ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ವರದಿ ಕೊಟ್ಟಾಗ ಚರ್ಚೆಯೆಲ್ಲ ದ್ವಿಭಾಷಾ ಸೂತ್ರದ ಸುತ್ತ ಗಿರಕಿ ಹೊಡೆಯಿತು. ಪರೀಕ್ಷೆಯನ್ನು ಯಾರು ಆಳಬೇಕು ಎಂಬುದನ್ನೂ ಅಷ್ಟೇ ಗಟ್ಟಿಯಾಗಿ ಚರ್ಚಿಸಬೇಕಿದೆ.

ಮಾಡಬೇಕಾದದ್ದು ತೀರಾ ದೊಡ್ಡದೇನಲ್ಲ. ತೇರ್ಗಡೆಯ ಅಂಕ, ಕೃಪಾಂಕ, ಪರೀಕ್ಷೆಯ ಸ್ವರೂಪ ಇವುಗಳಲ್ಲಿ ಏನೇ ಬದಲಾವಣೆ ಮಾಡುವುದಿದ್ದರೂ ಶೈಕ್ಷಣಿಕ ವರ್ಷ ಶುರುವಾಗುವ ಮೊದಲೇ, ನಿಯಮದ ರೂಪದಲ್ಲಿ, ಶಾಸನಸಭೆಯ ಮುಂದೆ ಬರಬೇಕು. ಮಂಡಳಿಯ ಅಧ್ಯಕ್ಷರಿಗೆ ನಿಗದಿತ ಅವಧಿ ಇರಬೇಕು. ಫಲಿತಾಂಶ ಪ್ರಕಟಿಸುವ ದಿನವೇ ತಾಲ್ಲೂಕುವಾರು ಖಾಲಿ ಹುದ್ದೆಗಳ ಪಟ್ಟಿಯನ್ನೂ ಮಂಡಳಿ ಪ್ರಕಟಿಸಬೇಕು. ಇಷ್ಟಕ್ಕೆ ಹೊಸ ಆಯೋಗ ಬೇಕಿಲ್ಲ, 1966ರ ಕಾಯ್ದೆಗೆ ಒಂದು ತಿದ್ದುಪಡಿ ಸಾಕು. ಮುಂದಿನ ಅಧಿವೇಶನದಲ್ಲಿ ಸರ್ಕಾರ ಅದನ್ನು ಮಂಡಿಸಲಿ.